ನಮ್ಮ ಬ್ಯಾಂಜೋ ಪಾರ್ಟಿಯ ನಾಲ್ಕು ಕ್ಯಾಸೆಟ್ಟು

ಸುಮಾ, ಮಲ್ಲು, ಹೋದ ತಿಂಗಳು ಯಾದಗಿರಿಯಲ್ಲಿ ನಿಮ್ಮ ಬ್ಯಾಂಡಿನ ಹಾಡು ಕೇಳಲು ನನ್ನನ್ನು ಕರೆದುಕೊಂಡು ಹೋದಿರಿ. ಬೇಳೆ ಮಿಲ್ಲಿನ ಮೇಲಿನ ಕೋಣೆ. ನಾಲ್ವರು ನಿಂತಿದ್ದಿರಿ, ನಾಲ್ವರೂ ತಲೆ ತಗ್ಗಿಸಿ ಕಾಲು ನೋಡುತ್ತಿದ್ದಿರಿ. ಏನೋ ಕಳೆದುಹೋಗಿದೆ ಅಂದುಕೊಂಡು ನಾನೂ ಬಗ್ಗಿ ಹುಡುಕಿದೆ. ಆಮೇಲೆ ಗಿಟಾರು ಶುರುವಾಯಿತು. ಸುಮಾ ಹಾಡುತ್ತಿದ್ದಾಳೆ ಎಂದು ತುಟಿ ಅಲ್ಲಾಡಿದ್ದರಿಂದ ತಿಳಿಯಿತು. ಏನು ಹಾಡುತ್ತಿದ್ದಾಳೆ ಎಂದು ತಿಳಿಯಲಿಲ್ಲ. ಮುಗಿದ ಮೇಲೆ ಮಲ್ಲು ಪಕ್ಕದಲ್ಲಿ ಕೂತು ವಿವರಿಸಿದ. ಇದಕ್ಕೆ ಶೂಗೇಜ್ ಅನ್ನುತ್ತಾರಂತೆ. ಕಾಲಲ್ಲಿ ಒತ್ತುವ ಪೆಟ್ಟಿಗೆಗಳನ್ನು ನೋಡುತ್ತಾ, ಬೂಟು ನೋಡಿಕೊಂಡು ನಿಂತಂತೆ ನುಡಿಸುವುದರಿಂದ ಬಂದ ಹೆಸರಂತೆ. ದನಿ ಗದ್ದಲದೊಳಗೆ ಮುಳುಗಿರಬೇಕಂತೆ. ನಿಮ್ಮ ಮೊದಲನೆಯ ಆಲ್ಬಮ್ಮಿನಲ್ಲಿ ಹೀಗಿರಲಿಲ್ಲ, ಎರಡನೆಯದರಿಂದ ಬದಲಾಯಿತಂತೆ. ಕೊನೆಗೆ, “ಇದು ಹೊರದೇಶದ್ದು ಆಯಿ, ನಿನಗ ತಿಳಿಯೂದಿಲ್ಲ” ಅಂದ.

ತಿಳಿಯುತ್ತದೆ, ಮಲ್ಲು. ನನಗೆ ಬೂಟು ಇರಲಿಲ್ಲ, ಉಳಿದದ್ದೆಲ್ಲ ಇತ್ತು. ಆದರೆ ನಾಲ್ಕು ಮಂದಿಯ ನಡುವೆ ಬಾಯಿ ತೆರೆಯಲು ನನಗೆ ಈಗಲೂ ಆಗುವುದಿಲ್ಲ, ಆ ಮಂದಿ ನೀವು, ನಿಮ್ಮ ಗೆಳೆಯರೇ ಆದರೂ. ಅದಕ್ಕೇ ಬರೆಯುತ್ತಿದ್ದೇನೆ. ಹಲ್ಲು ಬಿದ್ದು ಪದಗಳ ನಡುವೆ ಗಾಳಿ ನುಗ್ಗತೊಡಗಿದ ಮೇಲೆ ಹಾಡುವ ಕೆಲಸ ಬಿಟ್ಟೆ. ನೀವು ಈಗ ಇದಕ್ಕೇ ಇಳಿದಿದ್ದೀರಿ, ಆದ್ದರಿಂದ ಒಳಗಿನ ಸಂಗತಿ ತಿಳಿದಿರಲಿ. ಹತ್ತಿಕುಣಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು. ತಪ್ಪಿದ್ದರೆ ತಿದ್ದಿಕೊಳ್ಳಿ.

ನಿಮ್ಮ ಅಜ್ಜ ಕಾಲುವೆ ಕೆಲಸಕ್ಕೆ ಹೋಗುತ್ತಿದ್ದರು. ಕಾಲುವೆಗೆ ನೀರು ಬರುವ ಹೊತ್ತಿಗೆ ಅವರು ಇರಲಿಲ್ಲ, ಜ್ವರದಲ್ಲಿ ಹೋಗಿಬಿಟ್ಟಿದ್ದರು. ನಾನು ಶಹಾಪುರದ ಹೊರಗಿನ ಆ ಹಳ್ಳಿಯಲ್ಲೇ ಉಳಿದು, ನಿಮ್ಮಪ್ಪನನ್ನು ಶಾಲೆಗೆ ಕಳಿಸಿ, ಹೊಲಗಳಲ್ಲಿ ಕಳೆ ತೆಗೆಯುತ್ತಿದ್ದೆ. ಊರ ಹೊರಗೆ ಒಂದು ಕಡೆ ಕಾಲುವೆ ಮೇಲಿನಿಂದ ಕೆಳಕ್ಕೆ ಧುಮುಕುತ್ತಿತ್ತು. ಅಲ್ಲಿ ನೀರಿನ ಸಪ್ಪಳಕ್ಕೆ ಪಕ್ಕದವರು ಕೂಗಿದರೂ ಕೇಳುತ್ತಿರಲಿಲ್ಲ. ಬಟ್ಟೆ ಒಗೆಯಲು ನಾನು ಅಲ್ಲಿಗೇ ಹೋಗುತ್ತಿದ್ದೆ, ಏಕೆಂದರೆ ಅಲ್ಲಿ ಗಂಟಲು ಬಿಚ್ಚಿ ಹಾಡಬಹುದಿತ್ತು. ನನ್ನ ಹಾಡು ನನಗೇ ಕೇಳುತ್ತಿರಲಿಲ್ಲ. ಅದೇ ಅದರ ಸುಖ.

ಒಂದು ದಿನ ನಡು ಹಾಡಿನಲ್ಲಿ ನೀರು ನಿಂತುಬಿಟ್ಟಿತು. ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸದ ತಿಪ್ಪಣ್ಣ, ಮೇಲೆ ಗೇಟು ಇಳಿಸಿದ್ದ. ಇಡೀ ಬಯಲಿನಲ್ಲಿ ನನ್ನ ದನಿ ಒಂದೇ ಬತ್ತಲಾಗಿ ನಿಂತಿತು. ಬಾಯಿ ಮುಚ್ಚಿಕೊಂಡು ಕಾಲು ನೋಡುತ್ತಾ ಕೂತೆ.

“ಯಕ್ಕಾ, ಪದ ಅರ್ಧಕ್ಕ ಬಿಟ್ಟಿ” ಎಂದ ತಿಪ್ಪಣ್ಣ ಮೇಲಿನಿಂದ. “ಪೂರಾ ಮಾಡು. ಇಲ್ಲಂದ್ರ ನಾ ನೀರು ಬಿಡಂಗಿಲ್ಲ. ನಿಮ್ಮೂರ ಭತ್ತ ಒಣಗಿದ್ರ ನನ್ನ ಕೇಳಬ್ಯಾಡ.”

ಊರ ಭತ್ತಕ್ಕಾಗಿ ಹಾಡು ಮುಗಿಸಿದೆ. ನನ್ನ ವೃತ್ತಿ ಶುರುವಾದದ್ದು ಹೀಗೆ, ಬೆದರಿಕೆಯಿಂದ.

ತಿಪ್ಪಣ್ಣ ಬಿಡುವಿನಲ್ಲಿ ಢೋಲಕಿ ನುಡಿಸುವವನು. ಅವನು ನನ್ನನ್ನು ಶಹಾಪುರಕ್ಕೆ ಕರೆದುಕೊಂಡು ಹೋಗಿ ಮೌಲಾಸಾಬನ ಮುಂದೆ ನಿಲ್ಲಿಸಿದ. ಮೌಲಾಸಾಬನದು ಬಸ್ ನಿಲ್ದಾಣದ ಎದುರು ರೇಡಿಯೋ ರಿಪೇರಿ ಅಂಗಡಿ. ಅವನ ಜೀವ ಇದ್ದದ್ದು ಮಾತ್ರ ಬ್ಯಾಂಜೋದಲ್ಲಿ: ಹಲಗೆಯ ಮೇಲೆ ತಂತಿ, ತಂತಿಯ ಮೇಲೆ ಟೈಪ್ ಯಂತ್ರದಂಥ ಗುಂಡಿಗಳು, ಬದಿಯಿಂದ ಹೊರಟ ವೈರು ಸೀದಾ ಸ್ಪೀಕರ್ ಪೆಟ್ಟಿಗೆಗೆ. ನಮ್ಮ ಕಡೆ ಮದುವೆ, ಮಕ್ಕಳ ಜವಳ, ಮನೆ ಪ್ರವೇಶ, ಎಲ್ಲಕ್ಕೂ ಆಗ ಬ್ಯಾಂಜೋ ಪಾರ್ಟಿ ಬೇಕು. ಮೌಲಾಸಾಬ ನನ್ನ ಹಾಡು ಕೇಳಿ, ದನಿ ಪರವಾಗಿಲ್ಲ, ಮುಖ ಎಲ್ಲಿ ಎಂದು ತಿಪ್ಪಣ್ಣನನ್ನು ಕೇಳಿದ. ಸೆರಗು ಮೂಗಿನವರೆಗೆ ಇಳಿದಿತ್ತು. ತಿಪ್ಪಣ್ಣ, ಕ್ಯಾಸೆಟ್ಟಿನಲ್ಲಿ ಮುಖ ಕಾಣುವುದಿಲ್ಲವಲ್ಲ ಅಂದ. ಮಾತು ಇಬ್ಬರಿಗೂ ಒಪ್ಪಿಗೆಯಾಯಿತು.

ಮೊದಲನೆಯ ಕ್ಯಾಸೆಟ್ಟನ್ನು ಅಂಗಡಿಯ ಶಟರ್ ಇಳಿಸಿ ಒಳಗೇ ಮಾಡಿದೆವು. ಬ್ಯಾಂಜೋ, ಢೋಲಕಿ, ನಾನು, ಒಂದು ಮೈಕು, ವಿಪರೀತ ಸೆಖೆ. ಸೋಬಾನದ ಪದಗಳನ್ನೇ ಹಾಡಿದೆ, ಕೆಲವು ನಮ್ಮವ್ವನವು, ಕೆಲವು ನಾನು ಕಟ್ಟಿದವು. ನೀವು ಆಲ್ಬಮ್ಮಿನಲ್ಲಿ ಗದ್ದಲ ಬೇಕೆಂದು ಹಾಕುತ್ತೀರಿ. ನಮಗೆ ಅದು ಶಟರ್ ಕೆಳಗಿನಿಂದ ಪುಕ್ಕಟೆ ಬರುತ್ತಿತ್ತು. ಮೂರನೆಯ ಹಾಡಿನ ನಡುವೆ ಹೊರಗೆ ಕಂಡಕ್ಟರ್ “ಸುರಪುರ, ಸುರಪುರ, ಸುರಪುರ” ಎಂದು ಕೂಗಿದ. ಮತ್ತೆ ಮಾಡೋಣ ಅಂದೆ. ಮೌಲಾಸಾಬ ಕೇಳಲಿಲ್ಲ: “ಅಂವ ತಾಳದಾಗ ಅದಾನಲ್ಲ ಅಕ್ಕಾ, ಮತ್ತೇನು ಬೇಕು?” ಮುಂದೆ ಎಲ್ಲಿ ಹೋದರೂ ಮಂದಿ ಸುರಪುರದ ಪದ ಬೇಕು ಎಂದು ಹಟ ಹಿಡಿಯುತ್ತಿದ್ದರು, ಆ ಜಾಗಕ್ಕೆ ಬಂದಾಗ ತಿಪ್ಪಣ್ಣ ಕಂಡಕ್ಟರನಂತೆ ಕೂಗಬೇಕಾಗುತ್ತಿತ್ತು. ಒಮ್ಮೆ ಒಬ್ಬ ಮುದುಕ ಉಣ್ಣುವುದು ಬಿಟ್ಟು ಚೀಲ ಹಿಡಿದು ಎದ್ದೇಬಿಟ್ಟಿದ್ದ.

ಆ ಕ್ಯಾಸೆಟ್ಟಿನಿಂದ ಮದುವೆ ಮನೆಗಳಿಂದ ಕರೆ ಬಂತು, ತೊಂದರೆಯೂ ಬಂತು. ಸೋಬಾನ ಹಾಡುವುದು ಮುತ್ತೈದೆಯರ ಕೆಲಸ. ಗಂಡ ಸತ್ತವಳು ಹಂದರದ ಕೆಳಗೆ ಕೂತು ಮದುಮಗಳಿಗೆ ಅರಿಶಿನದ ಪದ ಹಾಡುವುದೆಂದರೆ, ಯಾವ ಮನೆಯವರೂ ಒಪ್ಪುವ ಮಾತಲ್ಲ. ಮೌಲಾಸಾಬ ಉಪಾಯ ಮಾಡಿದ. ದೊಡ್ಡ ಸ್ಪೀಕರ್ ಪೆಟ್ಟಿಗೆಯನ್ನು ಮುಂದಿಟ್ಟು, ಅದರ ಹಿಂದೆ ಚಾದರ ಕಟ್ಟಿ, ನನ್ನನ್ನು ಅಲ್ಲಿ ಕೂರಿಸಿದ. ಕೇಳಿದವರಿಗೆ ಹೆಣ್ಣುಮಗಳು ನಾಚಿಕೆ ಸ್ವಭಾವದವಳು ಎಂದು ಹೇಳುತ್ತಿದ್ದ. ಅದು ಸುಳ್ಳೂ ಆಗಿರಲಿಲ್ಲ. ಆದರೆ ನನ್ನ ಎದೆಯಲ್ಲಿ ಒಂದೇ ಹೆದರಿಕೆ ಇತ್ತು: ಯಾರಾದರೂ ಒಂದು ದಿನ ಆ ಚಾದರ ಸರಿಸಿ ನನ್ನ ಹಣೆ ನೋಡಿದರೆ ಈ ಕೆಲಸ ಅವತ್ತಿಗೇ ಮುಗಿಯಿತು. ಮತ್ತೆ ಕಳೆ ತೆಗೆಯಲು ಹೋಗಬೇಕು, ನಿಮ್ಮಪ್ಪನನ್ನು ಶಾಲೆ ಬಿಡಿಸಿ ಜೊತೆಗೆ ಕರೆದೊಯ್ಯಬೇಕು.

ಎರಡನೆಯ ಕ್ಯಾಸೆಟ್ಟಿಗೆ ಎಕೋ ಪೆಟ್ಟಿಗೆ ಬಂತು. ಯಾವುದೋ ನಾಟಕದವರು ರಿಪೇರಿಗೆ ಕೊಟ್ಟು ಒಯ್ಯಲು ಬರಲೇ ಇಲ್ಲ. ಆಡಿದ ಮಾತನ್ನು ಅದು ಮತ್ತೆ ಮತ್ತೆ ಆಡಿ ತೋರಿಸುತ್ತಿತ್ತು. ಎಷ್ಟು ಸಲ ಆಡಬೇಕು ಎಂದು ಹೇಳಲು ಒಂದು ತಿರುಪು ಇತ್ತು, ಅದು ಪೂರ್ತಿ ತಿರುಗಿದ ಜಾಗದಲ್ಲಿ ಮುರಿದುಹೋಗಿತ್ತು. ಮೌಲಾಸಾಬ ಊರಿನ ಎಲ್ಲ ರೇಡಿಯೋ ರಿಪೇರಿ ಮಾಡಿದ, ಆ ತಿರುಪು ಮಾತ್ರ ಮಾಡಲಿಲ್ಲ. “ಹಿಂಗಽ ಚಂದ ಅದ” ಎಂದ. ನನಗೂ ಅದು ಬೇಕಾಗಿತ್ತು. ದನಿಯ ಮೇಲೆ ದನಿ ಬಿದ್ದು ಯಾರ ದನಿ ಎಂದು ಗುರುತೇ ಸಿಗುತ್ತಿರಲಿಲ್ಲ.

ಸುಮಾ, ಇದು ನಿನಗೆ ಕೆಲಸಕ್ಕೆ ಬರುವ ಮಾತು. ಎಕೋದೊಳಗೆ ಅವಸರದಿಂದ ಹಾಡಬಾರದು. ಮುಂಚಿನ ಮಾತು ಬಾಗಿಲು ದಾಟಿ ಹೋಗಲಿ, ಆಮೇಲೆ ಮುಂದಿನದನ್ನು ಬಿಡು. ಇಲ್ಲದಿದ್ದರೆ “ಅರಿಶಿನ” ಮತ್ತು “ಅತ್ತೆ” ಎರಡೂ ಕಲಸಿಹೋಗಿ ಅತ್ತೆಗೇ ಅರಿಶಿನ ಹಚ್ಚಿದಂತಾಗುತ್ತದೆ. ನಾನು ನಿಧಾನ ಮಾಡಿದೆ, ನಾನು ನಿಧಾನ ಮಾಡಿದಷ್ಟೂ ಮೌಲಾಸಾಬ ಒಂದೇ ಸ್ವರವನ್ನು ಜಗ್ಗಿದ, ತಿಪ್ಪಣ್ಣ ಢೋಲಕಿಯ ಮೇಲೆ ನಿದ್ದೆ ಹೋಗುವಂತಾದ. ಎರಡನೆಯ ಕ್ಯಾಸೆಟ್ಟು ಹಾಗೆ ಹರಿಯಿತು, ಹೊಲಕ್ಕೆ ಬಿಟ್ಟ ನೀರಿನಂತೆ.

ಆದರೆ ಎಕೋ ಇನ್ನೊಂದು ಕೆಲಸ ಮಾಡಿತು. ಒಬ್ಬಳೇ ಹಾಡಿದರೂ ಹೊರಗೆ ಹೆಂಗಸರ ಗುಂಪು ಹಾಡಿದಂತೆ ಕೇಳುತ್ತಿತ್ತು. ಸುರಪುರದ ಒಂದು ಮದುವೆಯಲ್ಲಿ ಅಡುಗೆಯವರು ಚಾದರದ ಕೆಳಗಿನಿಂದ ಐದು ತಟ್ಟೆ ಹುಗ್ಗಿ ತಳ್ಳಿದರು. ನಾನು ಒಂದನ್ನು ಉಂಡೆ. ಉಳಿದ ನಾಲ್ಕನ್ನು ವಾಪಸು ಕಳಿಸಿದರೆ ಅನುಮಾನ ಬರುತ್ತದೆ ಎಂದು ತಿಪ್ಪಣ್ಣ ಉಂಡ, ಆಮೇಲೆ ಢೋಲಕಿಯ ಕಡೆ ಬಗ್ಗಲು ಆಗದೆ ಅವತ್ತಿನ ಸಂಜೆಯ ಹಾಡುಗಳೆಲ್ಲ ತಾಳವಿಲ್ಲದೆ ನಡೆದವು. ಅಲ್ಲಿಂದ ಮಾತು ಹಬ್ಬಿತು. ಇದು ಐದು ಮಂದಿ ಮುತ್ತೈದೆಯರ ಪಾರ್ಟಿ, ಐವರು ಕೂಡಿ ಹಾಡಿದರೆ ಮದುಮಗಳಿಗೆ ಶುಭ, ಅವರನ್ನೇ ಕರೆಸಬೇಕು! ಅಲ್ಲ ಅನ್ನುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಮೂರನೆಯ ಕ್ಯಾಸೆಟ್ಟಿನ ದನಿಯನ್ನು ತೀರ್ಮಾನಿಸಿದವನು ಶರಣಪ್ಪ ಸಾಹುಕಾರ. ಅವನದು ಗೊಬ್ಬರದ ಅಂಗಡಿ, ಯೂರಿಯಾ ಚೀಲಗಳ ಮೇಲೆ ನಮ್ಮ ಕ್ಯಾಸೆಟ್ಟುಗಳನ್ನು ತೂಗುಹಾಕಿ ಮಾರುತ್ತಿದ್ದ. ನೀರಾವರಿ ಬಂದು ಊರೂರಿಗೆ ಟ್ರ್ಯಾಕ್ಟರ್ ಬಂದಿದ್ದವು, ಕ್ಯಾಸೆಟ್ಟು ಕೊಳ್ಳುವವರೆಲ್ಲ ಡ್ರೈವರುಗಳು. ಇಂಜಿನ್ ಸಪ್ಪಳದಲ್ಲಿ ನಿಮ್ಮ ಪದ ಸತ್ತುಹೋಗುತ್ತದೆ ಎಂದು ಅವನ ದೂರು. ಅವತ್ತಿನಿಂದ ನಾವು ಪ್ರತಿ ಹಾಡನ್ನೂ ಟ್ರ್ಯಾಕ್ಟರಿನ ಮೇಲೆ ಪರೀಕ್ಷೆ ಮಾಡತೊಡಗಿದೆವು. ಇಂಜಿನ್ ಚಾಲೂ ಮಾಡಿಸಿ, ಟೇಪ್ ಹಚ್ಚಿ, ಮೌಲಾಸಾಬ ಟ್ರಾಲಿಯಲ್ಲಿ ಕಣ್ಣುಮುಚ್ಚಿ ಕೂರುತ್ತಿದ್ದ. ಕೇಳದಿದ್ದರೆ ಅಂಗಡಿಗೆ ವಾಪಸು, ಇನ್ನಷ್ಟು ದಪ್ಪ ಮಾಡಬೇಕು. ಬ್ಯಾಂಜೋದ ಮೇಲೆ ಇನ್ನೊಂದು ಬ್ಯಾಂಜೋ, ಅದರ ಮೇಲೆ ಎಕೋ. ಅಂಥ ಒಂದು ಪರೀಕ್ಷೆಯಲ್ಲಿ ನಮ್ಮ ಸ್ಪೀಕರ್ ಪೆಟ್ಟಿಗೆ ಟ್ರಾಲಿಯಿಂದ ಬಿದ್ದು ಒಳಗಿನ ಕಾಗದ ಹರಿಯಿತು. ಹರಿದ ಪೆಟ್ಟಿಗೆಯಿಂದ ಬ್ಯಾಂಜೋ ಝರ್ರೆಂದು ಜೇನುಗೂಡಿನ ಹಾಗೆ ಹೊರಬಂತು. ಮೌಲಾಸಾಬ ತಲೆ ಮೇಲೆ ಕೈಹೊತ್ತ. ತಿಪ್ಪಣ್ಣ ಮಾತ್ರ, ಗೇಟಿನಲ್ಲಿ ನೀರು ಬಿದ್ದಂತೆ ಇದೆ, ಇದನ್ನೇ ಇಟ್ಟುಕೊಳ್ಳೋಣ ಅಂದ. ಇಟ್ಟುಕೊಂಡೆವು.

ಆ ಕ್ಯಾಸೆಟ್ಟಿನಲ್ಲಿ ನಾನು ಎಲ್ಲಿದ್ದೇನೆ ಎಂದು ನನಗೇ ಹುಡುಕಲು ಆಗುವುದಿಲ್ಲ. ಮೂವರಲ್ಲಿ ಹೆಚ್ಚು ಖುಷಿಪಟ್ಟವಳು ನಾನೇ. ಸಾಹುಕಾರ ಕೇಳಿ, “ಈಗ ಇಂಜಿನ್ ಕೇಳಸಂಗಿಲ್ಲ ನೋಡು” ಎಂದು ಮೆಚ್ಚಿದ. ಒಬ್ಬ ಡ್ರೈವರ್ ಅದನ್ನು ಕೇಳುತ್ತಾ, ಟ್ರಾಲಿಯ ಕೊಂಡಿ ಕಳಚಿದ್ದು ತಿಳಿಯದೆ ಬರೀ ಇಂಜಿನ್ನನ್ನು ಊರಿಗೆ ತಂದಿದ್ದ.

ಪೆಟ್ಟಿಗೆಯ ಹಿಂದೆ ಕೂತಿದ್ದು ಪೂರ್ತಿ ಮಂದಿಯ ತಪ್ಪು ಎಂದು ತಿಳಿಯಬೇಡಿ. ಕೊಂಕಲ್‌ನಲ್ಲಿ ಒಬ್ಬ ಮಾಸ್ತರರ ಮನೆಯ ಮದುವೆ, ಬುದ್ಧನ ಫೋಟೋ ಮುಂದೆ ನಡೆಯುವಂಥದ್ದು. ಆ ಮಾಸ್ತರರಿಗೆ ತಿಪ್ಪಣ್ಣ ನಿಜ ಹೇಳಿದ್ದ. ಅವರು ಬಂದು, ನಮ್ಮಲ್ಲಿ ಅದೆಲ್ಲ ನೋಡುವುದಿಲ್ಲವ್ವ, ಮುಂದೆ ಕುರ್ಚಿ ಹಾಕಿಸಿದ್ದೇನೆ, ಬಂದು ಕೂಡು ಅಂದರು. ನಾನು ಚಾದರದ ಸಂದಿಯಿಂದ ಕುರ್ಚಿ ನೋಡಿದೆ, ಕುರ್ಚಿಯ ಮುಂದಿನ ಮಂದಿಯನ್ನು ನೋಡಿದೆ, ಚಾದರವನ್ನು ಇನ್ನಷ್ಟು ಬಿಗಿದು ಕಟ್ಟಿದೆ. ಮಾಸ್ತರರು ಮದುವೆ ಮುಗಿಯುವವರೆಗೆ ಆ ಖಾಲಿ ಕುರ್ಚಿ ತೆಗೆಸಲಿಲ್ಲ. ತಿಪ್ಪಣ್ಣ ಅದರ ಮೇಲೆ ರುಮಾಲು ಒಣಹಾಕಿದ.

ಇನ್ನು ಶಿರವಾಳದ ಮದುವೆ. ಗೌಡರ ಮನೆ, ಒಬ್ಬಳೇ ಮಗಳು. ಐದು ಮಂದಿ ಮುತ್ತೈದೆಯರ ಪಾರ್ಟಿಯೇ ಬೇಕೆಂದು ನಮ್ಮನ್ನು ಕರೆಸಿದ್ದರು. ಮದುಮಕ್ಕಳ ಮೇಲೆ ಅಕ್ಕಿಕಾಳು ಬಿದ್ದು ಊಟದ ಪಂಕ್ತಿ ಕೂತಿತ್ತು. ಆಗ ಮದುಮಗಳ ತಾಯಿ, ಗೌಡಶ್ಯಾನಿ, ಹಾಡಿದವರಿಗೆ ಉಡಿ ತುಂಬುತ್ತೇನೆಂದು ತಟ್ಟೆ ಹಿಡಿದು ಹೊರಟಳು. ತಟ್ಟೆಯಲ್ಲಿ ಐದು ತೆಂಗಿನಕಾಯಿ, ಐದು ಕುಪ್ಪಸದ ಖಣ, ಅಕ್ಕಿ, ಅರಿಶಿನ ಕುಂಕುಮ. ಮುತ್ತೈದೆಯ ಮಡಿಲಿಗೆ ಮಾತ್ರ ಹಾಕುವಂಥವು. ಮೌಲಾಸಾಬ ಬ್ಯಾಂಜೋ ಬಿಟ್ಟು ಅಡ್ಡ ನಿಂತ.

“ತಾಯೀ, ಬಾಳ ನಾಚಿಕಿ ಮಂದಿ ರೀ ಅವ್ರು. ನನ್ನ ಕೈಯಾಗ ಕೊಡ್ರಿ, ಮುಟ್ಟಸ್ತೀನಿ.”

“ಉಡಿ ಏನು ಪಾರ್ಸಲ್ ಏನೋ ಉಸ್ತಾದ, ಕೈಯಾಗ ಕೊಟ್ಟು ಕಳಸಾಕ? ಸರಿ ಆ ಕಡಿ” ಎಂದು ಆಕೆ ಚಾದರ ಸರಿಸಿದಳು.

ನಾನು ಕಾಲು ನೋಡುತ್ತಾ ಎದ್ದು ನಿಂತೆ. ಆಕೆ ಪೆಟ್ಟಿಗೆಯ ಆಚೆ ಬದಿಗೂ ಬಗ್ಗಿ ನೋಡಿದಳು.

“ಹಾಡಾಕತ್ತಿದ್ದಾಕಿ ಯಾರು?”

“ನಾನೇ ರೀ ಯವ್ವಾ.”

“ಉಳದವ್ರು?”

“ಅವ್ರೂ ನಾನೇ ರೀ.”

ಸಹಾಯ ಮಾಡಲು ತಿಪ್ಪಣ್ಣ ಬಾಯಿ ಹಾಕಿದ: “ಮಿಷಿನ್ ಅದ ರೀ ಗೌಡಶ್ಯಾನಿ. ಒಬ್ಬಾಕೀನ ಹಾಕಿದ್ರ ಐದು ಮಂದಿ ಬರ್ತಾರ.”

ಅಷ್ಟರಲ್ಲಿ ಆಕೆಯ ಕಣ್ಣು ನನ್ನ ಹಣೆಯ ಮೇಲೆ ಬಿತ್ತು. ಅಲ್ಲಿ ವಿಭೂತಿ ಬಿಟ್ಟು ಏನೂ ಇರಲಿಲ್ಲ. ಆಕೆ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡ ರಭಸಕ್ಕೆ ತೆಂಗಿನಕಾಯಿಗಳು ಒಂದಕ್ಕೊಂದು ತಾಗಿ ಸಪ್ಪಳ ಮಾಡಿದವು. ಆಕೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಒಬ್ಬಳೇ ಮಗಳು, ಅರಿಶಿನ ಇನ್ನೂ ಮೈಮೇಲೆ ಹಸಿಯಾಗಿತ್ತು. ಹಿಂದೆ ನಿಂತ ಹೆಂಗಸರು ಪಿಸುಗುಟ್ಟತೊಡಗಿದರು. ಪಂಕ್ತಿಯಲ್ಲಿ ಉಣ್ಣುತ್ತಿದ್ದವರು ಇತ್ತ ತಿರುಗಿದರು. ನನ್ನ ಕೆಲಸ ಮುಗಿಯಿತು ಎಂದು ನಾನು ಚೀಲಕ್ಕೆ ಕೈಹಾಕಿದೆ.

ಹಾಡು ಯಾಕೆ ನಿಂತಿತು ಎಂದು ಕೇಳಿಕೊಂಡು ಒಳಮನೆಯಿಂದ ಗೌಡರ ತಾಯಿ ಬಂದರು. ಎಲ್ಲರೂ ದೊಡ್ಡವ್ವ ಅನ್ನುತ್ತಿದ್ದ ಮುದುಕಿ. ಗಂಡ ಹೋದ ಮೇಲೆ ಶುಭಕಾರ್ಯಕ್ಕೆ ಹಂದರದ ಕೆಳಗೆ ಬಂದವರಲ್ಲ, ಮೊಮ್ಮಗಳ ಮದುವೆಯನ್ನೂ ಒಳಗೆ ಕೂತೇ ಕೇಳಿಸಿಕೊಂಡಿದ್ದರು. ಸೊಸೆ ತೊದಲುತ್ತಾ ಸಂಗತಿ ಹೇಳಿದಳು. ದೊಡ್ಡವ್ವ ನನ್ನ ಹಣೆ ನೋಡಿದರು. ಅವರ ಹಣೆಯೂ ನನ್ನಂತೆಯೇ ಇತ್ತು.

“ಮುಂಜಾನಿಂದ ಇಕೀನಽ ಹಾಡ್ಯಾಳಂದ್ರ, ಆಗೂ ಅಪಶಕುನ ಎಲ್ಲಾ ಇಷ್ಟೊತ್ತಿಗೆ ಆಗಿ ಹೋಗಿರಬೇಕಲ್ಲ” ಎಂದರು. “ಹಂದರ ನೋಡ್ರಿ, ನಿಂತದ. ಅಳಿಯಾನ್ನ ನೋಡ್ರಿ, ಮೂರನೇ ಸಲ ಹುಗ್ಗಿ ನೀಡಿಸಿಕೊಳ್ಳಾಕತ್ಯಾನ.”

ಅಳಿಯ ಬಾಯಿಗೆ ಒಯ್ದ ಕೈ ಇಳಿಸಿದ.

“ನನ್ನ ಸಿಟ್ಟು ಬ್ಯಾರೆ ಅದ. ಮುಂಜಾನಿಂದ ಕಿವಿಗೊಟ್ಟು ಕುಂತೀನಿ, ಒಂದು ಮಾತೂ ತಿಳೀವಲ್ದು. ನನ್ನ ಮೊಮ್ಮಗಳಿಗೆ ಹರಸಾಕತ್ತೀರೋ ಬೈಯಾಕತ್ತೀರೋ, ಯಾರಿಗೆ ಗೊತ್ತು? ಉಸ್ತಾದ, ಆ ಪೆಟ್ಟಿಗಿ ಬಾಯಿ ಮುಚ್ಚು. ನೀ ಮೊದಲಿಂದ ಹಾಡು ತಂಗಿ.”

ಮೌಲಾಸಾಬ ಸತ್ತ ಮನೆಗೆ ಹೋದವನಂತೆ ಮುಖ ಮಾಡಿ ಸ್ವಿಚ್ ಆರಿಸಿದ. ನಾನು ಹಾಡಿದೆ. ಇಷ್ಟು ಮಂದಿಯ ಎದುರು, ಎಕೋ ಇಲ್ಲದೆ, ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಒಂದು ನುಡಿ ಮುಗಿಯುವ ಹೊತ್ತಿಗೆ ದೊಡ್ಡವ್ವ ಪಕ್ಕದಲ್ಲಿ ಕೂತು ತಾವೂ ಹಾಡತೊಡಗಿದರು. ಅವರ ಧಾಟಿ ಬೇರೆ, ಮಾತು ಬೇರೆ, ದನಿ ಮಾತ್ರ ನನಗಿಂತ ಜೋರು. ನಾನು ತಪ್ಪು ಹಾಡುತ್ತಿದ್ದೇನೆಂದು ನಡುನಡುವೆ ಮೊಣಕೈಯಿಂದ ತಿವಿದರು. ಕೊನೆಗೆ ಅವರೇ ಮುಂದೆ, ನಾನು ಹಿಂದೆ. ಮದುಮಗಳು ಬಂದು ಅಜ್ಜಿಯ ಕಾಲ ಬಳಿ ಕೂತಳು.

ಗೌಡಶ್ಯಾನಿ ನನ್ನ ಉಡಿ ತುಂಬಲಿಲ್ಲ. ಹಿಡಿದು ತಂದ ತಟ್ಟೆಯನ್ನು ಹಾಗೇ ಒಳಗೆ ಒಯ್ಯಲೂ ಆಕೆಗೆ ಮನಸ್ಸಾಗಲಿಲ್ಲ. ಕಡೆಗೆ ಐದೂ ತೆಂಗಿನಕಾಯಿಗಳನ್ನು, ಇದು ಹಾಡಿದ್ದಕ್ಕೆ, ಉಡಿಗಲ್ಲ ಎಂದು ಎರಡು ಸಲ ಹೇಳಿ ತಿಪ್ಪಣ್ಣನ ರುಮಾಲಿಗೆ ಹಾಕಿದಳು.

ಸುದ್ದಿ ನಮ್ಮ ಬಸ್ಸಿಗಿಂತ ಮುಂಚೆ ಶಹಾಪುರ ಮುಟ್ಟಿತ್ತು. ನಮ್ಮನ್ನು ಕರೆದಿದ್ದ ಮನೆಗಳು ಒಂದೊಂದಾಗಿ ಬೇಡ ಎಂದು ಹೇಳಿ ಕಳಿಸಿದವು. ಸಾಹುಕಾರ, ಕುಂಕುಮ ಇರುವ ಯಾರನ್ನಾದರೂ ಹುಡುಕು ಎಂದು ಮೌಲಾಸಾಬನಿಗೆ ಬುದ್ಧಿ ಹೇಳಿದ. ಮೌಲಾಸಾಬ ಮತ್ತೆ ರೇಡಿಯೋ ಬಿಚ್ಚುತ್ತಾ ಕೂತ. ನಾನು ಕಳೆ ತೆಗೆಯುವ ಕುರಪಿ ಹಿಡಿದು ಹತ್ತಿ ಹೊಲಕ್ಕೆ ಹೋಗತೊಡಗಿದೆ. ನಿಮ್ಮಪ್ಪನಿಗೆ, ಈ ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದು ಹೇಳಿದೆ.

ನಾಲ್ಕನೆಯ ಕ್ಯಾಸೆಟ್ಟಿನಲ್ಲಿ ದನಿ ಮುಂದಿದೆ, ಮಾತು ಒಂದೊಂದೂ ತಿಳಿಯುತ್ತದೆ; ಹರಿದ ಸ್ಪೀಕರಿನ ಮೊರೆತ ಅದರ ಬೆನ್ನಿಗೆ ಆತುಕೊಂಡು ಬರುತ್ತದೆ. ಡ್ರೈವರುಗಳು ಅದನ್ನು ಕೊಳ್ಳಲಿಲ್ಲ, ಅವರ ಅವ್ವಂದಿರು ಕೊಂಡರು. ಮೌಲಾಸಾಬ ಬಹಳ ಯೋಚಿಸಿ ಹಾಗೆ ಮಾಡಿದ ಎಂದು ಮಂದಿ ಹೇಳುತ್ತಿದ್ದರು. ಅವನು ಏನೂ ಯೋಚಿಸಿರಲಿಲ್ಲ, ಅದು ಅಂಗಡಿಯ ಬಾಗಿಲಲ್ಲಿ ನಡೆದ ಒಂದು ಜಗ್ಗಾಟದಲ್ಲಿ ತೀರ್ಮಾನವಾದದ್ದು.

ಮೌಲಾಸಾಬನ ಹೆಂಡತಿಗೆ ಹೊಲದ ಸೊಪ್ಪು ಕೊಡಲು ಹೋಗಿದ್ದೆ. ಸುರಪುರದ ಕಡೆಯ ಯಾರೋ ಒಬ್ಬ ಸೈಕಲ್ ನಿಲ್ಲಿಸಿ, ತಂಗಿಯ ಮದುವೆಗೆ ಪಾರ್ಟಿ ಬೇಕು ಅಂದ. ಸುದ್ದಿ ಇವನಿಗೆ ಮುಟ್ಟಿಲ್ಲ ಅಂದುಕೊಂಡು ನಾನು ಸೆರಗು ಎಳೆದುಕೊಂಡು ಗೋಡೆಗೆ ಸರಿದೆ.

“ನಮ್ಮವ್ವ ಶಿರವಾಳದ ಮದುವಿಗೆ ಹೋಗಿದ್ಳು ರೀ” ಎಂದ ಅವನು. “ಪೆಟ್ಟಿಗಿ ತರಬ್ಯಾಡಂತ, ಆ ಹೆಣ್ಮಗಳು ಬಂದ್ರ ಸಾಕಂತ.”

ಮೌಲಾಸಾಬನಿಗೆ ಸಿಟ್ಟು ಬಂತು. “ಪೆಟ್ಟಿಗಿ ಇಲ್ಲಂದ್ರ ಪಾರ್ಟಿನೂ ಇಲ್ಲ. ನಿಮ್ಮವ್ವಗ ಹೇಳು ಹೋಗು.”

ಅವನು ಸೈಕಲ್ ಹ್ಯಾಂಡಲ್ ತಿರುಗಿಸಿದ, ಮತ್ತೆ ನಿಂತ. ಬರಿಗೈಯಲ್ಲಿ ಹೋದರೆ ಅವನ ಅವ್ವನ ಕೈಗೆ ಸಿಗಬೇಕಾಗುತ್ತಿತ್ತೆಂದು ಕಾಣುತ್ತದೆ.

“ಹಂಗಾರ ತರ್ರಿ” ಎಂದ. “ಅಕಿ ಹಿಂದ ಇಡ್ರಿ.”

ಮೌಲಾಸಾಬ ಪೆಟ್ಟಿಗೆ ನೋಡಿದ, ನನ್ನನ್ನು ನೋಡಿದ. ಪೆಟ್ಟಿಗೆಯನ್ನೇ ಹೆಚ್ಚು ಹೊತ್ತು ನೋಡಿದ.

“ಏನಂತಿ ಅಕ್ಕಾ, ಮುಂದ ಕುಂದರ್ತೀಯೇನು?”

ಸೊಪ್ಪಿನ ಕಟ್ಟು ಇನ್ನೂ ನನ್ನ ಕೈಯಲ್ಲೇ ಇತ್ತು. ಕಾಲು ನೋಡುತ್ತಲೇ ಆ ಸೈಕಲ್‌ನವನಿಗೆ ಹೇಳಿದೆ:

“ಕುರ್ಚಿ ಬ್ಯಾಡ ರೀ. ಚಾಪಿ ಹಾಸಿಸ್ರಿ.”